ಫೋಟೋದಲ್ಲಿರುವ ದುಂಬಿ ಯಾವುದು? ಬಣ್ಣವನ್ನು ಕೊನೆಗೆ ನೋಡಿ

ಅಕ್ಟೋಬರ್ ಕೊನೆಯ ವಾರ ಮೂಡಿಗೆರೆ ಕಡೆಯ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೋ ಬಂತು. ಒಣಕಲು ಪೊದೆಯ ಕೊಂಬೆಯ ಮೇಲೆ ಕಪ್ಪು ಮೈಯ ದುಂಬಿ, ಬೆನ್ನಿನಲ್ಲಿ ಅರಿಸಿನ ಬಳಿದಂಥ ಹಳದಿ. ಮೈಗಿಂತ ಉದ್ದದ ಮೀಸೆ, ಆ ಮೀಸೆಯಲ್ಲೂ ಹಳದಿ-ಕಪ್ಪು ಪಟ್ಟೆ. ಬಾಯಿಯ ಮುಂದೆ ಇಕ್ಕಳದಂತೆ ಚಾಚಿದ ದವಡೆ. ಕೆಳಗೆ ಎರಡು ಸಾಲು: ‘ಹೊಸ ಜಾತಿಯ ಬೋರರ್. ಕಾಫಿ ಇರುವವರು ಎಚ್ಚರ.’ ಬೋರರ್ ಎಂದರೆ ನಮ್ಮಲ್ಲಿ ಕಾಫಿಯ ಗಿಡವನ್ನೋ ಕಾಯನ್ನೋ ಕೊರೆಯುವ ಕೀಟ. ಮಧ್ಯಾಹ್ನದೊಳಗೆ ಆ ಫೋಟೋ ಆಲ್ದೂರು, ಬೇಲೂರು, ಸಕಲೇಶಪುರ ಸುತ್ತಿಕೊಂಡು ನನ್ನ ಮೊಬೈಲಿಗೇ ಮೂರು ದಾರಿಗಳಿಂದ ಬಂದಿತ್ತು.

ಸಂಜೆಯ ಹೊತ್ತಿಗೆ ಮೂಲ ತಿಳಿಯಿತು. ಪಕ್ಕದ ತೋಟದವರ ಮಗ ಅಮೆರಿಕದ ಅರಿಜೋನಾ ರಾಜ್ಯದ ಟುಸಾನ್‌ನಲ್ಲಿದ್ದಾನೆ. ಮನೆಯ ಹಿಂದಿನ ಪೊದೆಯಲ್ಲಿ ಕಂಡದ್ದನ್ನು ‘ಇದು ನಮ್ಮ ಬೋರರ್‌ಗೆ ನೆಂಟನೇ?’ ಎಂದು ಅಪ್ಪನಿಗೆ ಕಳುಹಿಸಿದ್ದ. ಕೈಯಿಂದ ಕೈಗೆ ದಾಟುವಾಗ ಊರಿನ ಹೆಸರು ಕಳಚಿತು, ಪ್ರಶ್ನಾರ್ಥಕ ಚಿಹ್ನೆ ಉದುರಿತು, ಎಚ್ಚರಿಕೆ ಅಂಟಿಕೊಂಡಿತು.

ಹುಡುಗ ಕೇಳಿದ ಪ್ರಶ್ನೆ ಒಳ್ಳೆಯದೇ. ನೆಂಟ ಹೌದು, ಆದರೆ ಬಹಳ ದೂರದ ನೆಂಟ. ಒಂದು ಫೋಟೋ ನೋಡಿ ಇಷ್ಟನ್ನು ಹೇಗೆ ಹೇಳುತ್ತಾರೆ, ಎಷ್ಟನ್ನು ಹೇಳಲಾಗುವುದಿಲ್ಲ ಎಂಬುದನ್ನು ಮೊದಲಿನಿಂದ ನೋಡೋಣ.

ಜೀರುಂಡೆಯೋ ದುಂಬಿಯೋ

ಹೆಸರಿನಲ್ಲೇ ಒಂದು ತೊಡಕಿದೆ. ಪಠ್ಯಪುಸ್ತಕದಲ್ಲಿ ಗಟ್ಟಿ ರೆಕ್ಕೆಯ ಈ ಕೀಟಕ್ಕೆ ಜೀರುಂಡೆ ಎಂದಿರುತ್ತದೆ. ಮಲೆನಾಡಿನಲ್ಲಿ ಜೀರುಂಡೆ ಎಂದರೆ ಮರದ ಮೇಲೆ ಕುಳಿತು ಕಿವಿ ಗಡಚಿಕ್ಕುವಂತೆ ಕೂಗುವ, ತೆಳು ರೆಕ್ಕೆಯ ಬೇರೆಯೇ ಕೀಟ. ಇನ್ನು ದುಂಬಿ ಎಂದರೆ ಕವಿಗಳಿಗೆ ಹೂವಿನ ಸುತ್ತ ಗುಂಯ್‌ಗುಡುವ ಜೇನಿನ ಬಳಗದ್ದು. ಎರಡರಲ್ಲೂ ಗೊಂದಲವಿರುವುದರಿಂದ ಇಲ್ಲಿ ದುಂಬಿ ಎಂಬುದನ್ನೇ ಇಟ್ಟುಕೊಳ್ಳುತ್ತೇನೆ. ತೆಂಗಿನ ಸುಳಿ ಕೊರೆಯುವ ರೈನಾಸರಸ್ ದುಂಬಿಯನ್ನು ಕಂಡವರಿಗೆ ಯಾವ ಬಗೆಯ ಕೀಟದ ಮಾತು ಎಂಬುದು ಗೊತ್ತಾಗುತ್ತದೆ.

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ದುಂಬಿಗಳೇ ಸುಮಾರು 4 ಲಕ್ಷ ಜಾತಿ. ಅವುಗಳಲ್ಲಿ ಒಂದು ಕುಟುಂಬ ಉದ್ದಮೀಸೆ ದುಂಬಿಗಳದು, ವಿಜ್ಞಾನದಲ್ಲಿ ಸೆರಾಂಬಿಸಿಡೆ. ಅದೊಂದರಲ್ಲೇ 35,000ಕ್ಕೂ ಹೆಚ್ಚು ಜಾತಿಗಳಿವೆ. ಟುಸಾನ್‌ನ ಹಳದಿ-ಕಪ್ಪು ದುಂಬಿಯೂ ನಮ್ಮ ಅರೇಬಿಕಾ ಕಾಫಿ ಗಿಡವನ್ನು ಕೊಲ್ಲುವ ಬಿಳಿ ಕಾಂಡಕೊರಕವೂ ಇದೇ ಕುಟುಂಬದವು. ಗುರುತಿಸುವುದೆಂದರೆ ಟಪಾಲಿನ ವಿಳಾಸ ಹುಡುಕಿದಂತೆ. ದುಂಬಿ ಎಂಬುದು ಜಿಲ್ಲೆ, ಉದ್ದಮೀಸೆ ಎಂಬುದು ತಾಲ್ಲೂಕು, ಅದರೊಳಗೆ ಹೋಬಳಿ ಇದ್ದಂತೆ ಕುಲ, ಕೊನೆಗೆ ಊರು ಇದ್ದಂತೆ ಜಾತಿ. ಒಳ್ಳೆಯ ಫೋಟೋ ಊರಿನವರೆಗೂ ಮುಟ್ಟಿಸಬಹುದು. ಬಹಳಷ್ಟು ಫೋಟೋಗಳು ಹೋಬಳಿಯಲ್ಲೇ ನಿಲ್ಲುತ್ತವೆ. ಅಲ್ಲಿಗೆ ನಿಲ್ಲಿಸುವುದು ಸೋಲಲ್ಲ. ಊರು ಗೊತ್ತಿಲ್ಲದೆ ಯಾವುದೋ ಊರಿನ ಹೆಸರು ಬರೆದರೆ ಮಾತ್ರ ಕಾಗದ ತಪ್ಪು ಮನೆಗೆ ಹೋಗುತ್ತದೆ.

ಬೆನ್ನಿನ ಮೇಲೆ ನೇರ ಗೆರೆ

ಜಿಲ್ಲೆ ಗುರುತಿಸುವುದು ಸುಲಭ. ದುಂಬಿಗೆ ನಾಲ್ಕು ರೆಕ್ಕೆಗಳು. ಹಾರಲು ಬಳಸುವುದು ಹಿಂದಿನ ತೆಳು ಜೋಡಿಯನ್ನು. ಮುಂದಿನ ಜೋಡಿ ಗಟ್ಟಿಯಾಗಿ, ಪೆಟ್ಟಿಗೆಯ ಎರಡು ಬಾಗಿಲುಗಳಂತೆ ಹಿಂದಿನದನ್ನು ಮುಚ್ಚುತ್ತದೆ. ಕುಳಿತಿರುವಾಗ ಈ ಬಾಗಿಲುಗಳು ಬೆನ್ನಿನ ನಡುವೆ ಸೇರಿ ಒಂದು ನೇರ ಗೆರೆ ಮೂಡುತ್ತದೆ. ಗೆರೆ ಕಂಡರೆ ಹೆಚ್ಚುಕಡಿಮೆ ಅದು ದುಂಬಿ. ಹತ್ತಿ ಗಿಡದ ಕೆಂಪು ತಿಗಣೆಯಂಥವುಗಳಲ್ಲಿ ರೆಕ್ಕೆಗಳು ಒಂದರ ಮೇಲೊಂದು ಕವಿದು ಬೆನ್ನಿನ ಮೇಲೆ ಗುಣಿಸು ಚಿಹ್ನೆಯಂತೆ ಅಡ್ಡಗೆರೆಗಳು ಕಾಣುತ್ತವೆ. ಅವಕ್ಕೆ ಅಗಿಯುವ ದವಡೆಯಿಲ್ಲ, ಹೀರುವ ಸೂಜಿಮೂತಿ.

ಉದ್ದಮೀಸೆಗೆ ಉದ್ದದ ಮೀಸೆಯೇ ಇಲ್ಲದಿದ್ದರೆ?

ತಾಲ್ಲೂಕಿನ ಗುರುತು ಸ್ವಲ್ಪ ಸೂಕ್ಷ್ಮ. ಕುಡಿಮೀಸೆ ಉದ್ದವಿದ್ದರೆ ಉದ್ದಮೀಸೆ ದುಂಬಿ ಎಂಬುದು ಹೆಸರೇ ಹೇಳುವ ಸಂಗತಿ. ಆದರೆ ನಮ್ಮ ಕಾಫಿ ತೋಟಗಳಲ್ಲೇ ಅದಕ್ಕೆ ಅಪವಾದವಿದೆ. ಬಿಳಿ ಕಾಂಡಕೊರಕದ ಮೀಸೆ ಗಿಡ್ಡ, ಮೈಯ ಅರ್ಧದಷ್ಟು ಬಂದರೆ ಹೆಚ್ಚು. ಮೀಸೆಯ ಉದ್ದವನ್ನು ಮಾತ್ರ ನೋಡುವವರು ಅದನ್ನು ಈ ಕುಟುಂಬದಿಂದ ಹೊರಗೇ ಹಾಕಿಬಿಡುತ್ತಾರೆ.

ಆದ್ದರಿಂದ ಮೀಸೆ ಎಷ್ಟು ಉದ್ದ ಎಂಬುದರ ಜೊತೆಗೆ ಎಲ್ಲಿಂದ ಹೊರಟಿದೆ ಎಂದು ನೋಡಬೇಕು. ಫೋಟೋವನ್ನು ಹಿಗ್ಗಿಸಿ ಮುಖದ ಹತ್ತಿರ ಹೋಗಿ. ಉದ್ದಮೀಸೆ ದುಂಬಿಯ ಕಣ್ಣು ಗುಂಡಗಿರುವುದಿಲ್ಲ. ಸಾಮಾನ್ಯವಾಗಿ ಗೋಡಂಬಿಯಂತೆ ಒಳಕ್ಕೆ ಬಾಗಿರುತ್ತದೆ. ಆ ಬಾಗಿನೊಳಗಿನ ಸಣ್ಣ ದಿಣ್ಣೆಯ ಮೇಲಿಂದ ಮೀಸೆ ಎದ್ದಿರುತ್ತದೆ. ಕಣ್ಣು ಮೀಸೆಯ ಬುಡವನ್ನು ತಬ್ಬಿಕೊಂಡಂತೆ. ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡಗಳ ಮೇಲೆ ಬದುಕುವ ಅಮೆರಿಕದ ಒಂದು ಕೆಂಪು ದುಂಬಿಯಲ್ಲಿ ಈ ಬಾಗು ಎಷ್ಟು ಆಳಕ್ಕೆ ಹೋಗಿದೆಯೆಂದರೆ ಪ್ರತಿ ಕಣ್ಣೂ ಎರಡು ತುಂಡಾಗಿ, ಮೀಸೆಯ ಮೇಲೊಂದು ಕೆಳಗೊಂದು ಉಳಿದಿದೆ. ಅದರ ಕುಲದ ಹೆಸರು ಟೆಟ್ರಾವೋಪಿಸ್, ಅಂದರೆ ನಾಲ್ಕು ಕಣ್ಣಿನದು.

ಮೀಸೆಯಲ್ಲಿ ಬಿದಿರಿನಂತೆ ಗಣ್ಣುಗಳಿರುತ್ತವೆ, ಬಹುತೇಕ ಹನ್ನೊಂದು. ಪಾದದಲ್ಲಿ ಇನ್ನೊಂದು ಮೋಜಿದೆ: ಇರುವುದು ಐದು ಗಣ್ಣು, ಕಾಣುವುದು ನಾಲ್ಕು. ನಾಲ್ಕನೆಯದು ತೀರ ಚಿಕ್ಕದಾಗಿ, ಮೂರನೆಯದರ ಮಡಿಲಲ್ಲಿ ಅಡಗಿರುತ್ತದೆ. ಇದು ಮೊಬೈಲ್ ಫೋಟೋದಲ್ಲಿ ಕಾಣುವುದು ಅಪರೂಪ, ಭೂತಗನ್ನಡಿ ಬೇಕು. ಫೋಟೋ ಎಂದೂ ಹಿಡಿಯದ ಗುರುತು ಒಂದಿದೆ: ಸದ್ದು. ಈ ಕುಟುಂಬದ ಎಷ್ಟೋ ದುಂಬಿಗಳನ್ನು ಬೆರಳಲ್ಲಿ ಹಿಡಿದರೆ ಕಿರ್ ಕಿರ್ ಎನ್ನುತ್ತವೆ. ಕತ್ತಿನ ಕವಚವನ್ನು ಅದರ ಹಿಂದಿನ ಭಾಗಕ್ಕೆ ಉಜ್ಜಿ ಹೊರಡಿಸುವ ಸದ್ದು ಅದು. ಮಾವು, ಹಲಸಿನ ಮರ ಕೊರೆಯುವ ದೊಡ್ಡ ಬೂದು ದುಂಬಿ ಮಳೆಗಾಲದ ರಾತ್ರಿ ದೀಪಕ್ಕೆ ಬಂದು ಗೋಡೆಗೆ ಅಪ್ಪಳಿಸಿದಾಗ ಅದನ್ನು ಹಿಡಿದವರಿಗೆ ಈ ಸದ್ದು ಗೊತ್ತಿರುತ್ತದೆ.

ಬಣ್ಣ ಯಾಕೆ ಕೊನೆಯ ಸಾಕ್ಷಿ

ಕೀಟ ಕಂಡ ಕೂಡಲೇ ಎಲ್ಲರೂ ಮೊದಲು ಹೇಳುವುದು ಬಣ್ಣವನ್ನು. ‘ಹಳದಿ-ಕಪ್ಪು ಪಟ್ಟೆಯ ಹುಳು’ ಎನ್ನುತ್ತಾರೆ. ಬೇಲೂರಿನ ಮದನಿಕೆಯರನ್ನು ನೆನೆಸಿಕೊಳ್ಳಿ. ಎಲ್ಲರೂ ಒಂದೇ ಬಗೆಯ ಕಲ್ಲು, ಒಂದೇ ಬಣ್ಣ. ಆದರೂ ಕೈಯಲ್ಲಿ ಕನ್ನಡಿ ಹಿಡಿದವಳು ದರ್ಪಣಸುಂದರಿ, ಗಿಳಿಯೊಡನೆ ಮಾತಾಡುವವಳು ಶುಕಭಾಷಿಣಿ ಎಂದು ಗೈಡ್ ಬೇಡದೆಯೇ ಹೇಳಬಹುದು. ನೋಡುವುದು ಆಕಾರವನ್ನು. ದುಂಬಿಯ ವಿಷಯದಲ್ಲೂ ಅಷ್ಟೇ. ಕತ್ತಿನ ಕವಚದ ಪಕ್ಕದಲ್ಲಿ ಮುಳ್ಳು ಅಥವಾ ಗುಬಟು ಇದೆಯೇ, ರೆಕ್ಕೆಬಾಗಿಲಿನ ಮೇಲೆ ಏರುಗೆರೆಗಳಿವೆಯೇ, ತುದಿ ಗುಂಡೋ ಚೂಪೋ, ತೊಡೆ ಉಬ್ಬಿದೆಯೇ ಎಂಬುವು ಬಣ್ಣಕ್ಕಿಂತ ಗಟ್ಟಿ ಗುರುತುಗಳು.

ಬಣ್ಣ ಮೋಸ ಮಾಡುವುದಕ್ಕೆ ಒಂದಲ್ಲ, ಹಲವು ಕಾರಣ. ಒಂದೇ ಜಾತಿಯಲ್ಲಿ ಬಣ್ಣ ಬೇರೆಬೇರೆ ಇರಬಹುದು. ಅಮೆರಿಕದ ಒಣಭೂಮಿಯಲ್ಲಿ, ಬೇಸಿಗೆಯ ಕೊನೆಗೆ ಅರಳುವ ಹಳದಿ ಹೂವಿನ ಪೊದೆಗಳ ಮೇಲೆ ಕ್ರಾಸಿಡಿಯಸ್ ಎಂಬ ಕುಲದ ದುಂಬಿಗಳು ಕುಳಿತಿರುತ್ತವೆ. ಅವು ಹಳದಿಯಿಂದ ಕಿತ್ತಳೆ, ಕೆಂಪಿನವರೆಗೆ ಹರಡಿಕೊಂಡಿವೆ. ಒಂದೇ ಜಾತಿಯ ಕಪ್ಪು ಗುರುತು ಒಂದು ಕಣಿವೆಯಲ್ಲಿ ಅಗಲವಿದ್ದರೆ ಇನ್ನೊಂದರಲ್ಲಿ ಗೆರೆಯಷ್ಟೇ. ಸತ್ತ ದುಂಬಿಯಲ್ಲಿ ಬಣ್ಣ ಮಾಸುವುದೂ ಉಂಟು.

ಎರಡನೆಯ ಕಾರಣ ಹೆಚ್ಚು ಸ್ವಾರಸ್ಯದ್ದು: ವೇಷ. ಹಳದಿ-ಕಪ್ಪು, ಕಿತ್ತಳೆ-ಕಪ್ಪು ಎಂಬುವು ಕೀಟಲೋಕದಲ್ಲಿ ‘ಮುಟ್ಟಬೇಡ’ ಎಂಬ ಫಲಕಗಳು. ಕಣಜಕ್ಕೆ ಮುಳ್ಳಿದೆ, ಇನ್ನು ಕೆಲವಕ್ಕೆ ಕಹಿ ರಸವಿದೆ. ಇವನ್ನು ಒಮ್ಮೆ ಮುಟ್ಟಿ ಪಾಠ ಕಲಿತ ಹಕ್ಕಿ ಮುಂದೆ ಆ ಬಣ್ಣವನ್ನು ಕಂಡರೇ ದೂರ ಉಳಿಯುತ್ತದೆ. ಅದರ ಲಾಭವನ್ನು ಮುಳ್ಳೂ ರಸವೂ ಇಲ್ಲದವು ಪಡೆಯುತ್ತವೆ. ಅರಿಜೋನಾದಲ್ಲಿ ಟ್ರಾಜಿಡಿಯಾನ್ ಎಂಬ ಉದ್ದಮೀಸೆ ದುಂಬಿಗೆ ಕಪ್ಪು ಮೈ, ಕಿತ್ತಳೆ ರೆಕ್ಕೆ. ಅಲ್ಲಿನ ಜೇಡಬೇಟೆಯ ದೊಡ್ಡ ಕಣಜದ ಪಡಿಯಚ್ಚು. ಆ ಕಣಜದ ಕುಟುಕು ಕೀಟಗಳಲ್ಲೇ ಅತಿ ನೋವಿನವುಗಳಲ್ಲಿ ಒಂದು. ಟ್ರಾಜಿಡಿಯಾನ್‌ಗೆ ಕುಟುಕಲು ಏನೂ ಇಲ್ಲ.

ಎಲಿಟ್ರೊಲೆಪ್ಟಸ್ ಎಂಬ ಇನ್ನೊಂದರ ಕಥೆ ಇದಕ್ಕಿಂತ ಕಟುವಾದದ್ದು. ಅರಿಜೋನಾದ ಮರುಭೂಮಿಯಲ್ಲೇ ಲೈಕಸ್ ಎಂಬ ಬೇರೆ ಕುಟುಂಬದ ಕಿತ್ತಳೆ ದುಂಬಿಗಳು ಹೂವಿನ ಮೇಲೆ ಗುಂಪಾಗಿ ಕುಳಿತಿರುತ್ತವೆ. ರುಚಿ ಕೆಟ್ಟದ್ದಾದ್ದರಿಂದ ಅವನ್ನು ಬೇಟೆಗಾರರು ಮುಟ್ಟುವುದಿಲ್ಲ. ಎಲಿಟ್ರೊಲೆಪ್ಟಸ್ ಅವುಗಳದೇ ಬಣ್ಣ, ಅವುಗಳದೇ ಅಗಲ ರೆಕ್ಕೆ ತೊಟ್ಟು ಗುಂಪಿನೊಳಗೆ ಸೇರಿಕೊಳ್ಳುತ್ತದೆ. ಸೇರಿಕೊಂಡು, ಪಕ್ಕದಲ್ಲಿ ಕುಳಿತವನ್ನೇ ತಿನ್ನುತ್ತದೆ. ಫೋಟೋದಲ್ಲಿ ಹತ್ತು ಕಿತ್ತಳೆ ದುಂಬಿಗಳಿದ್ದರೆ ಅದರಲ್ಲಿ ಒಂದು ಬೇರೆ ಕುಟುಂಬದ್ದಿರಬಹುದು ಎಂದು ಬಣ್ಣ ನೋಡುವವರಿಗೆ ಹೊಳೆಯುವುದೇ ಇಲ್ಲ.

ನಮ್ಮಲ್ಲೂ ಇಂಥ ಗೊಂದಲ ಇದ್ದೇ ಇದೆ. ಅರಸೀಕೆರೆ ಕಡೆಯ ಬಯಲಿನಲ್ಲಿ ತೊಗರಿ ಹೂವಿನ ಮೇಲೆ, ಮನೆಯಂಗಳದ ದಾಸವಾಳದ ಮೇಲೆ ಕಪ್ಪು-ಕಿತ್ತಳೆ ಪಟ್ಟೆಯ ದುಂಬಿ ಕಾಣುತ್ತದೆ. ಮುಟ್ಟಿದರೆ ಚರ್ಮದ ಮೇಲೆ ಗುಳ್ಳೆ ಎಬ್ಬಿಸುವುದು ಅದು. ಅದರ ರಕ್ತದಲ್ಲಿರುವ ಕ್ಯಾಂಥಾರಿಡಿನ್ ಎಂಬ ರಾಸಾಯನಿಕ ಕಾರಣ. ಅದು ಉದ್ದಮೀಸೆಯಲ್ಲ. ಗುರುತು ಕತ್ತಿನಲ್ಲಿದೆ: ತಲೆಯ ಹಿಂದೆ ಚಿವುಟಿದಂತೆ ಸಣ್ಣ ಕತ್ತು, ರೆಕ್ಕೆಬಾಗಿಲು ಮೆತುವು. ಮರುಭೂಮಿಯಲ್ಲೂ ಈ ಕುಟುಂಬದ ಕೆಂಪು-ಕಪ್ಪು ದುಂಬಿಗಳು ಧಾರಾಳ. ಅಲ್ಲಿಂದ ಬರುವ ‘ಬಣ್ಣದ ದುಂಬಿ’ಯ ಫೋಟೋ ನೋಡುವಾಗ ಮೊದಲು ಕತ್ತು ನೋಡುವುದು ಕ್ಷೇಮ.

ಯಾವ ಊರು, ಯಾವ ತಿಂಗಳು, ಯಾವ ಗಿಡ

ಫೋಟೋದೊಳಗೆ ಇರದ ಮೂರು ಸಂಗತಿಗಳು ಫೋಟೋದಷ್ಟೇ ಕೆಲಸ ಮಾಡುತ್ತವೆ. ಉದ್ದಮೀಸೆ ದುಂಬಿಯ ಬಾಳಿನ ಬಹುಪಾಲು ಮರದೊಳಗೆ, ಬೇರಿನೊಳಗೆ, ಹುಳುವಾಗಿ ಕಳೆಯುತ್ತದೆ. ರೆಕ್ಕೆ ಬಂದ ಮೇಲಿನ ದಿನಗಳು ಕೆಲವೇ. ಹುಳು ತಿನ್ನುವ ಗಿಡ ಇರುವಲ್ಲಿ ಮಾತ್ರ ದುಂಬಿ ಇರಲು ಸಾಧ್ಯ, ಹೊರಬರುವ ಕಾಲದಲ್ಲಿ ಮಾತ್ರ ಕಾಣಲು ಸಾಧ್ಯ. ಕ್ರಾಸಿಡಿಯಸ್‌ನ ಹುಳು ಆ ಹಳದಿ ಹೂವಿನ ಪೊದೆಯ ಬೇರನ್ನೇ ತಿಂದು ಬೆಳೆದಿರುತ್ತದೆ. ಹಾರಲಾರದ, ಕಲ್ಲಿದ್ದಲಿನಂತೆ ಕಪ್ಪಾದ ಮೊನೈಲಿಮಾ ಕಳ್ಳಿಯನ್ನು ತಿನ್ನುತ್ತದೆ. ಹೀಗಾಗಿ ಅಲ್ಲಿನ ಬಲ್ಲವರು ದುಂಬಿಗಿಂತ ಮೊದಲು ಗಿಡದ ಹೆಸರು ಕೇಳುತ್ತಾರೆ. ಊರಿನ ಹೆಸರು ಅಳಿಸಿಹೋದ ಫೋಟೋ ಪಹಣಿಯಿಲ್ಲದ ಜಮೀನಿನಂತೆ. ಎದುರಿಗೇ ಇರುತ್ತದೆ, ಯಾರದೆಂದು ಹೇಳಲಾಗುವುದಿಲ್ಲ.

ಹಾಗಾದರೆ ಟುಸಾನ್‌ನ ದುಂಬಿ ಯಾವುದು

ಹುಡುಗನಿಗೆ ಅಪ್ಪನ ಮೂಲಕ ಎರಡು ಪ್ರಶ್ನೆ ಕಳುಹಿಸಿದೆವು. ಉತ್ತರ ಬಂತು: ಪೊದೆಯನ್ನು ಅಲ್ಲಿ ಡೆಸರ್ಟ್ ಬ್ರೂಮ್, ಅಂದರೆ ಮರುಭೂಮಿಯ ಪೊರಕೆ ಎನ್ನುತ್ತಾರೆ; ದುಂಬಿ ಕೊಂಬೆಯ ಗಾಯದಿಂದ ಜಿನುಗುವ ರಸವನ್ನು ನೆಕ್ಕುತ್ತಿತ್ತು. ಕೂಡಿಸಿ ನೋಡಿದರೆ ಹೀಗೆ. ಮೈಗಿಂತ ಎಷ್ಟೋ ಉದ್ದದ, ಹಳದಿ-ಕಪ್ಪು ಪಟ್ಟೆಯ ಮೀಸೆ, ಮೈ ಎರಡು-ಮೂರು ಸೆಂಟಿಮೀಟರ್, ಕತ್ತಿನ ಕವಚದ ಪಕ್ಕ ಗುಬಟು, ಮುಂದೆ ಚಾಚಿದ ದವಡೆ, ಟುಸಾನ್ ಸುತ್ತಲಿನ ಸೊನೋರಾ ಮರುಭೂಮಿ, ಡೆಸರ್ಟ್ ಬ್ರೂಮ್‌ನ ರಸ. ಇಷ್ಟೂ ಹೊಂದುವುದು ಡೆಂಡ್ರೋಬಿಯಾಸ್ ಮ್ಯಾಂಡಿಬುಲಾರಿಸ್‌ಗೆ. ಹಳೆಯ ಪುಸ್ತಕಗಳಲ್ಲಿ ಟ್ರಾಕಿಡೆರಿಸ್ ಮ್ಯಾಂಡಿಬುಲಾರಿಸ್ ಎಂದಿರುತ್ತದೆ. ಹೋಬಳಿ ಬದಲಾದರೂ ಊರಿನ ಹೆಸರು ಉಳಿಯಿತು. ಮ್ಯಾಂಡಿಬಲ್ ಎಂದರೆ ದವಡೆ.

ಆ ದವಡೆಯಿಂದ ಇನ್ನೊಂದು ಸಂಗತಿ ತಿಳಿಯುತ್ತದೆ: ಫೋಟೋದಲ್ಲಿದ್ದದ್ದು ದೊಡ್ಡ ಗಂಡು. ಹೆಣ್ಣಿಗೆ, ಸಣ್ಣ ಗಂಡುಗಳಿಗೆ ದವಡೆ ಚಿಕ್ಕದು. ರಸ ಜಿನುಗುವ ಜಾಗಕ್ಕೆ ಹೆಣ್ಣುಗಳು ಬರುತ್ತವೆ, ಅದಕ್ಕಾಗಿ ದೊಡ್ಡ ಗಂಡುಗಳು ಆ ಜಾಗವನ್ನು ದವಡೆ ಕೊಟ್ಟು ಕಾಯುತ್ತವೆ. ಹಬ್ಬದ ಊಟದ ಪಂಕ್ತಿಯಲ್ಲಿ ಬಾಳೆಎಲೆ ಕಾದು ಕುಳಿತ ಹಿರಿಯರಂತೆ! ಸಗ್ವಾರೊ ಎಂಬ ಕಂಬದಂಥ ಕಳ್ಳಿಯ ಮಾಗಿದ ಹಣ್ಣಿಗೂ ಇವು ಮುತ್ತುತ್ತವೆ.

ನಮ್ಮ ಬೋರರ್ ಹೇಗಿರುತ್ತದೆ

ತೋಟದಲ್ಲಿ ಬೋರರ್ ಎಂಬ ಒಂದೇ ಪದಕ್ಕೆ ಕಡಿಮೆಯೆಂದರೂ ನಾಲ್ಕು ಕೀಟಗಳಿವೆ, ಅವುಗಳಲ್ಲಿ ಉದ್ದಮೀಸೆ ಒಂದೇ. ಕಾಯಿ ಕೊರೆಯುವ ಬೆರ್ರಿ ಬೋರರ್ 2 ಮಿಲಿಮೀಟರ್ ಕೂಡ ಇರದ ದುಂಬಿ. ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ರೋಬಸ್ಟಾ ಕಾಫಿಯ ರೆಂಬೆಗೆ ಸೂಜಿ ಚುಚ್ಚಿದಂತೆ ತೂತು ಮಾಡುವ ಶಾಟ್ ಹೋಲ್ ಬೋರರ್ ಕೂಡ ಅಷ್ಟೇ ಕಿರಿದು. ಕೆಂಪು ಕಾಂಡಕೊರಕ ದುಂಬಿಯೇ ಅಲ್ಲ, ಪತಂಗದ ಮರಿ. ಉಳಿದದ್ದು ಬಿಳಿ ಕಾಂಡಕೊರಕ, ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಬಿಳಿ ಎಂದು ಹೆಸರಿದ್ದರೂ ದುಂಬಿ ಬಿಳಿಯಲ್ಲ: ಕಪ್ಪು ಮೈ, ರೆಕ್ಕೆಬಾಗಿಲಿನ ಮೇಲೆ ಬೂದುಬಿಳಿಯ ಪಟ್ಟೆಗಳು, ಉದ್ದ ಒಂದರಿಂದ ಎರಡು ಸೆಂಟಿಮೀಟರ್, ಮೀಸೆ ಗಿಡ್ಡ. ಓಡಾಟ ಚುರುಕು, ದೂರದಿಂದ ಕಣಜವೆಂದೇ ಅನ್ನಿಸುತ್ತದೆ.

ಏಪ್ರಿಲ್-ಮೇ, ಅಕ್ಟೋಬರ್‌ನಿಂದ ಡಿಸೆಂಬರ್, ಇವು ಅದು ಹಾರುವ ಕಾಲಗಳು. ಬಿಸಿಲು ಬೀಳುವ, ನೆರಳು ತೆಳುವಾದ ಜಾಗವೆಂದರೆ ಅದಕ್ಕೆ ಇಷ್ಟ. ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ಸುಮಾರು 10 ತಿಂಗಳು ಕೊರೆಯುತ್ತದೆ, ಕೊರೆದ ಪುಡಿಯನ್ನು ಹಿಂದಿನ ಸುರಂಗದಲ್ಲೇ ಗಿಡಿಯುತ್ತದೆ. ಆದ್ದರಿಂದ ಬುಡದಲ್ಲಿ ಪುಡಿ ಬೀಳುವುದಿಲ್ಲ. ಕೆಂಪು ಕಾಂಡಕೊರಕ ಮಾತ್ರ ಹಿಕ್ಕೆಯನ್ನು ಹೊರಕ್ಕೆ ತಳ್ಳುತ್ತದೆ. ಬುಡದಲ್ಲಿ ಪುಡಿ ಕಾಣಲಿಲ್ಲವೆಂದು ನೆಮ್ಮದಿಯಾಗಿರುವ ಹೊತ್ತಿಗೆ ಕಾಂಡದ ಮೇಲೆ ಉಬ್ಬುಗೆರೆಗಳು ಎದ್ದಿರುತ್ತವೆ, ಎಲೆ ಹಳದಿಯಾಗಿ ಜೋತಿರುತ್ತದೆ. ಆ ಉಬ್ಬುಗೆರೆ ಹುಡುಕುತ್ತಾ ಸಾಲು ಸಾಲು ನಡೆಯುವುದಕ್ಕೇ ತೋಟದ ಮಾತಿನಲ್ಲಿ ಟ್ರೇಸಿಂಗ್ ಎನ್ನುವುದು. ಸಿಕ್ಕ ಗಿಡವನ್ನು ಬುಡಸಮೇತ ಕಿತ್ತು ಸುಡುತ್ತಾರೆ. ಉಳಿದವುಗಳಲ್ಲಿ ಮೊಟ್ಟೆಗೆ ಬಿರುಕು ಸಿಗದಂತೆ ಕಾಂಡವನ್ನು ಉಜ್ಜಿ ನಯಮಾಡುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇಂದಿಗೂ ಈ ಕೀಟದ ಹಿಂದೆ ಬಿದ್ದಿದೆ.

ಆ್ಯಪ್ ಹೇಳಿದ್ದೇ ನಿಜವೇ

ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಲಕ್ಷಾಂತರ ಹಳೆಯ ಫೋಟೋಗಳನ್ನು ನೋಡಿ ಪಳಗಿದ ತಂತ್ರಾಂಶಗಳು. ನಿಮ್ಮ ಫೋಟೋವನ್ನು ಹೋಲುವ ಹೆಸರುಗಳನ್ನು ಮುಂದಿಡುತ್ತವೆ. ಹೆಚ್ಚು ಜನ ಫೋಟೋ ತೆಗೆದ ಕೀಟ ಅವಕ್ಕೆ ಚೆನ್ನಾಗಿ ಗೊತ್ತು, ಯಾರೂ ತೆಗೆಯದ್ದು ಗೊತ್ತಿಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್‌ನಲ್ಲಿ ಒಂದು ಅನುಕೂಲವಿದೆ: ಯಂತ್ರ ಹೇಳಿದ ಮೇಲೆ ಮನುಷ್ಯರೂ ನೋಡುತ್ತಾರೆ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದರೆ ಮಾತ್ರ ಹೆಸರು ಗಟ್ಟಿಯಾಗುತ್ತದೆ. ಊರನ್ನು ಗುರುತಿಸದೆ ಹಾಕಿದರೆ ಆ ಅನುಕೂಲವೂ ಅರ್ಧ ಹೋಯಿತು.

ಫೋಟೋ ತೆಗೆಯುವವರಿಗೆ

ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ ನೇರಕ್ಕೆ ಒಂದು ಫೋಟೋ ಇರಲಿ. ಎದುರಿನಿಂದ ಬರುವ ಬಸ್ಸಿನ ಉದ್ದ ತಿಳಿಯುವುದಿಲ್ಲವಲ್ಲ, ಕ್ಯಾಮೆರಾ ಕಡೆಗೆ ಚಾಚಿದ ಮೀಸೆಯೂ ಹಾಗೆಯೇ ಗಿಡ್ಡ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಕಪ್ಪು ಮೈ ಹೊಳೆದು ಲೋಹದಂತಾಗುತ್ತದೆ, ಬಿಳಿ ಪಟ್ಟೆ ಕರಗಿಹೋಗುತ್ತದೆ. ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್, ಅಳತೆಪಟ್ಟಿ ಹುಡುಕಬೇಕಿಲ್ಲ. ಕುಳಿತ ಗಿಡದ ಎಲೆಯನ್ನೂ ತೆಗೆಯಿರಿ. ದಿನಾಂಕ, ಊರು ಬರೆದು ಕಳುಹಿಸಿ. ಗೊತ್ತಿಲ್ಲದ ದುಂಬಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಗುಳ್ಳೆ ಎಬ್ಬಿಸುವ ಬಳಗದ್ದಿದ್ದೀತು.

ಇದನ್ನೆಲ್ಲ ಗುಂಪಿನಲ್ಲಿ ಹಾಕಿದ ಮರುದಿನ ಬೆಳಿಗ್ಗೆ ಟುಸಾನ್ ಹುಡುಗನ ಅಪ್ಪನಿಂದಲೇ ಒಂದು ಫೋಟೋ ಬಂತು. ಸ್ವಲ್ಪ ಅಲುಗಾಡಿದೆ. ಕಣದ ಗೋಡೆಯ ಮೇಲೆ ಸಣ್ಣ ಕಪ್ಪು ದುಂಬಿ, ಪಕ್ಕದಲ್ಲಿ ಬೆರಳಲ್ಲಿ ಒತ್ತಿ ಹಿಡಿದ ಹತ್ತು ರೂಪಾಯಿ ನಾಣ್ಯ. ದುಂಬಿ ನಾಣ್ಯದ ಅರ್ಧಕ್ಕಿಂತ ಸ್ವಲ್ಪ ಉದ್ದ. ಬೆನ್ನಿನ ನಡುವೆ ನೇರ ಗೆರೆ, ಬೂದುಬಿಳಿ ಪಟ್ಟೆಗಳು, ಗಿಡ್ಡ ಮೀಸೆ. ಅರೇಬಿಕಾ ಬ್ಲಾಕ್ ಆ ಕಣದ ಬೆನ್ನಿಗೇ ಇದೆ, ಹೋದ ವರ್ಷ ಅಲ್ಲಿ ಮೂರು ಮರಗಳ ನೆರಳು ತೆಗೆಸಿದ್ದರು. ಯಾವ ದುಂಬಿ ಎಂದು ಅವರು ಕೇಳಿರಲಿಲ್ಲ. ಟ್ರೇಸಿಂಗ್‌ಗೆ ನಾಳೆ ನಾಲ್ಕು ಆಳು ಸಿಗುತ್ತಾರೆಯೇ ಎಂದು ಕೇಳಿದ್ದರು.